ಫ್ರೀ ಅಂದ್ರೆ ಏನು, ಸರ್?

ಹೋದ ತಿಂಗಳು ಬಿ.ಎ. ಮಕ್ಕಳಿಗೆ ಒಂದು ಇಂಗ್ಲಿಷ್ ಪದ್ಯ ಪಾಠ ಮಾಡುತ್ತಿದ್ದೆ. ನಡುವೆ ‘ಫ್ರೀ’ ಎಂಬ ಪದ ಬಂತು. ಇಂಥ ಪದಕ್ಕೂ ಅರ್ಥ ಹೇಳಬೇಕೇ ಅನ್ನಿಸಿದರೂ ಅಭ್ಯಾಸಬಲದಿಂದ ‘ಸ್ವತಂತ್ರ ಅಂತ ಬರ್ಕೊಳ್ಳಿ’ ಎಂದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸರ್, ಫ್ರೀ ಅಂದ್ರೆ ಸ್ವತಂತ್ರ ಅಂತಾನೂ ಆಗುತ್ತಾ?’

ಕ್ಲಾಸು ನಕ್ಕಿತು. ಅವಳು ತಮಾಷೆಗೆ ಕೇಳಿರಲಿಲ್ಲ. ಚನ್ನಗಿರಿಯಿಂದ ಹದಿನೈದು ಕಿಲೋಮೀಟರ್ ದೂರದ ಹಳ್ಳಿಯಿಂದ ದಿನಾ ಬರುವ ಹುಡುಗಿ. ಎಂಟನೇ ಕ್ಲಾಸಿನಲ್ಲಿ ಅವಳ ಅಕ್ಕನಿಗೆ ಸರ್ಕಾರದ ಸೈಕಲ್ಲು ಫ್ರೀ ಬಂದಿತ್ತು. ಮಧ್ಯಾಹ್ನದ ಊಟ ಫ್ರೀ, ಪುಸ್ತಕ ಫ್ರೀ, ಈಗ ಬಸ್ಸೂ ಫ್ರೀ. ಹುಟ್ಟಿದಾಗಿನಿಂದ ಆ ಪದವನ್ನು ದಿನಕ್ಕೆ ಹತ್ತು ಸಲ ಆಡಿದ್ದಾಳೆ, ಒಂದು ಸಲವೂ ಆ ಅರ್ಥದಲ್ಲಿ ಆಡಿಲ್ಲ. ಇಂಗ್ಲಿಷಿನಲ್ಲಿ ಆ ಪದದ ಮೊದಲ ಅರ್ಥವೇ ಅದು. ಅದು ನಮ್ಮೂರಿನ ಬಾಗಿಲ ಹೊರಗೆ ಚಪ್ಪಲಿಯ ಜೊತೆ ಉಳಿದುಕೊಂಡು, ಮಿಕ್ಕ ಅರ್ಥಗಳಷ್ಟೇ ಒಳಗೆ ಬಂದಿವೆಯಲ್ಲ ಎಂದು ನನಗೂ ಆಗಲೇ ಹೊಳೆದದ್ದು. ‘ಹೌದಮ್ಮಾ, ಆಗುತ್ತೆ’ ಎಂದು ಕೂರಿಸಿದೆ. ಅವಳು ಬರೆದುಕೊಂಡಳು. ನನಗೆ ಮಾತ್ರ ಅದು ಅಲ್ಲಿಗೆ ಮುಗಿಯಲಿಲ್ಲ.

ಒಳಗೆ ಬಂದ ಅರ್ಥಗಳನ್ನು ಒಂದು ವಾರ ಕಿವಿಗೊಟ್ಟು ಕೇಳಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಟೈಲರು ಅಳತೆ ತೆಗೆಯುತ್ತಾ ‘ತೋಳು ಸ್ವಲ್ಪ ಫ್ರೀ ಇಡ್ಲಾ?’ ಅನ್ನುತ್ತಾನೆ, ಅಂದರೆ ಸಡಿಲ. ಡಾಕ್ಟರು ‘ಮೋಶನ್ ಫ್ರೀ ಆಯ್ತಾ?’ ಎಂದು ಕೇಳುತ್ತಾರೆ, ಅಂದರೆ ಸರಾಗ. ಸೈಕಲ್ ಶಾಪಿನಲ್ಲಿ ‘ಫ್ರೀ ವೀಲು ಹೋಗೈತಿ’ ಅಂದರೆ ಪೆಡಲ್ ತುಳಿಯದಿದ್ದರೂ ಹಿಂದಿನ ಗಾಲಿಯನ್ನು ತಿರುಗಲು ಬಿಡುವ, ಕಟಕಟ ಸದ್ದಿನ ಆ ಭಾಗ ಕೆಟ್ಟಿದೆ. ‘ಸಂಜೆ ಫ್ರೀ ಇದೀಯಾ’ ಅಂದರೆ ಬಿಡುವು. ಫ್ರೀ ಪೀರಿಯಡ್ಡು, ಮೇಷ್ಟ್ರು ಬರದ ಗಂಟೆ. ಫ್ರೀ ಹೇರ್, ಜಡೆ ಹಾಕದೆ ಬಿಟ್ಟ ಕೂದಲು. ಸಿಇಟಿ ಬರೆದವರಿಗೆ ‘ಫ್ರೀ ಸೀಟು’ ಗೊತ್ತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಖಾಸಗಿ ವೃತ್ತಿ ಕಾಲೇಜುಗಳ ಸೀಟುಗಳನ್ನು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ವಿಂಗಡಿಸಿತು. ಆ ಹೆಸರು ನಮ್ಮ ತಂದೆತಾಯಿಯರ ಬಾಯಲ್ಲಿ ಹಾಗೇ ನಿಂತುಬಿಟ್ಟಿದೆ. ಫೀಸು ಕಟ್ಟುವಾಗ ಮಾತ್ರ ಅದೆಷ್ಟು ಫ್ರೀ ಎಂಬುದು ತಿಳಿಯುತ್ತದೆ.

ಹುಡುಗಿ ಕೇಳಿದ ಅರ್ಥ ನಮ್ಮಲ್ಲಿ ಪೂರಾ ಇಲ್ಲ ಅನ್ನುವಂತೆಯೂ ಇಲ್ಲ. ಒಂದೇ ಒಂದು ಕಡೆ ಇದೆ. ‘ಮಗಳನ್ನ ಭಾಳ ಫ್ರೀ ಬಿಟ್ಟಾರೆ.’ ಇಲ್ಲಿ ಫ್ರೀ ಎಂದರೆ ಸ್ವಾತಂತ್ರ್ಯವೇ, ಬೇರೇನಲ್ಲ. ಆದರೆ ಹೇಳುವ ಧಾಟಿ ಗಮನಿಸಿ. ಅದು ದೂರು. ಗಂಡು ನೋಡಲು ಹೋದಾಗ ‘ಹುಡುಗ ಭಾಳ ಫ್ರೀ, ಎಲ್ಲರ ಕೂಡ ಬೆರೀತಾನೆ’ ಅಂದರೆ ಹೊಗಳಿಕೆ. ‘ಹುಡುಗಿ ಭಾಳ ಫ್ರೀ’ ಅಂದರೆ ಆ ಸಂಬಂಧ ಅಲ್ಲಿಗೆ ನಿಂತಿತು.

ಈಗ ಹಿಂದಕ್ಕೆ ಹೋಗಿ ನೋಡಿದೆ. ಇಂಗ್ಲಿಷಿನ ‘ಫ್ರೀ’ ಬಂದಿರುವುದು ‘ಪ್ರೀತಿಸು’ ಎಂಬ ಅರ್ಥದ ಬಹಳ ಹಳೆಯ ಧಾತುವಿನಿಂದ. ಅದೇ ಧಾತುವಿನಿಂದ ಆ ಭಾಷೆಯ ‘ಫ್ರೆಂಡ್’ ಹುಟ್ಟಿದೆ. ಸಂಸ್ಕೃತದಲ್ಲಿ ‘ಪ್ರಿಯ’ ಹುಟ್ಟಿದೆ. ನಾವು ಕಾಗದದ ತಲೆಗೆ ಬರೆಯುತ್ತಿದ್ದ ಆ ‘ಪ್ರಿಯ’ವೂ ಬಸ್ಸಿನ ‘ಫ್ರೀ’ಯೂ ದೂರದ ಅಕ್ಕತಂಗಿಯರು. ಪ್ರೀತಿಯಿಂದ ಸ್ವಾತಂತ್ರ್ಯ ಹೇಗೆ ಬಂತು ಎಂಬುದಕ್ಕೆ ವಿದ್ವಾಂಸರು ಕೊಡುವ ವಿವರಣೆ ಹೀಗಿದೆ: ಹಳೆಯ ಜರ್ಮಾನಿಕ್ ಮನೆಗಳಲ್ಲಿ ಯಜಮಾನನ ರಕ್ತಸಂಬಂಧಿಗಳೂ ಇರುತ್ತಿದ್ದರು, ಗುಲಾಮರೂ ಇರುತ್ತಿದ್ದರು. ಸಂಬಂಧಿಕರು ‘ಪ್ರಿಯರು’, ಹಾಗಾಗಿ ಅವರು ಗುಲಾಮರಲ್ಲ, ಹಾಗಾಗಿ ‘ಫ್ರೀ’. ಲ್ಯಾಟಿನ್ನಿನಲ್ಲೂ ಹೀಗೇ. ‘ಲಿಬೆರಿ’ ಎಂದರೆ ಸ್ವತಂತ್ರರು ಎಂದೂ ಆಗುತ್ತದೆ, ಮನೆಯ ಮಕ್ಕಳು ಎಂದೂ ಆಗುತ್ತದೆ. ಮನೆಯವರು ಅನ್ನಿಸಿಕೊಳ್ಳುವುದೇ ಸ್ವಾತಂತ್ರ್ಯ ಎಂಬ ಲೆಕ್ಕ. ದುಡ್ಡಿಲ್ಲದೆ ಸಿಗುವುದು ಎಂಬ ಅರ್ಥ ಬಹಳ ತಡವಾಗಿ ಬಂದು ಸೇರಿಕೊಂಡದ್ದು.

ಕನ್ನಡದ ಪದಗಳು ಇನ್ನೂ ವಿಚಿತ್ರ. ‘ಉಚಿತ’ ಎಂದರೆ ಸಂಸ್ಕೃತದಲ್ಲಿ ತಕ್ಕದ್ದು, ಸರಿಯಾದದ್ದು. ಸಮಯೋಚಿತ, ಔಚಿತ್ಯ ಅನ್ನುವಾಗ ಈಗಲೂ ಹಾಗೇ ಇದೆ. ಅದೇ ಪದ ಬೋರ್ಡಿನ ಮೇಲೆ ‘ಉಚಿತ ತಪಾಸಣೆ’ ಆಗುತ್ತದೆ. ತಕ್ಕದ್ದು ಹೇಗೆ ಪುಕ್ಕಟೆ ಆಯಿತೋ ಕಾಣೆ, ಆದರೆ ಆ ಜೋಡಣೆ ನನಗೆ ಇಷ್ಟ. ಸರ್ಕಾರಿ ಆಸ್ಪತ್ರೆಯನ್ನು ನಮ್ಮ ಅಜ್ಜಿ ಕೊನೆಯವರೆಗೂ ‘ಧರ್ಮಾಸ್ಪತ್ರೆ’ ಅನ್ನುತ್ತಿದ್ದಳು. ‘ಪುಕ್ಕಟೆ’ಗೆ ಮರಾಠಿಯ ‘ಫುಕಟ್’ ಜೊತೆ ನಂಟು.

ಇನ್ನು ‘ಬಿಟ್ಟಿ’. ಇದು ‘ಬಿಡು’ವಿನಿಂದ ಬಂದದ್ದು ಎಂದೇ ನಾನು ಬಹುಕಾಲ ತಿಳಿದಿದ್ದೆ. ಅಲ್ಲ. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. (ಹೊಯ್ಸಳರ ಬಿಟ್ಟಿದೇವನ ಬಿಟ್ಟಿ ಬೇರೆ, ಅದು ವಿಷ್ಣುವಿನ ತದ್ಭವ. ಹುಡುಗರು ಇದನ್ನು ಕೇಳಿ ಯಾವಾಗಲೂ ನಗುತ್ತಾರೆ.) ವಿಷ್ಟಿ ಎಂದರೆ ರಾಜನಿಗೆ, ಊರ ಒಡೆಯನಿಗೆ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಅದರ ಮಾತಿದೆ. ನಮ್ಮ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿ ಬಿಟ್ಟಿಯೂ ಬರುತ್ತದೆ. ದತ್ತಿ ಕೊಟ್ಟ ಭೂಮಿಗೆ ಇಂತಿಂಥ ತೆರಿಗೆ ಮಾಫಿ ಎನ್ನುವಾಗ ಬಿಟ್ಟಿ ಬೇಗಾರಿಯಿಂದಲೂ ವಿನಾಯಿತಿ ಕೊಡುವುದುಂಟು. ಆ ಬೇಗಾರಿ ಎಂಬ ಪದ ನೇರವಾಗಿ ನಮ್ಮ ಸಂವಿಧಾನದ 23ನೇ ವಿಧಿಯವರೆಗೂ ನಡೆದು ಬಂದಿದೆ, ನಿಷೇಧಿಸುವುದಕ್ಕಾಗಿ.

ಅಂದರೆ ಬಿಟ್ಟಿ ಎಂಬುದು ಮೊದಲು ಬಡವನಿಂದ ಬೆಲೆ ಕೊಡದೆ ಕಿತ್ತುಕೊಂಡದ್ದರ ಹೆಸರು. ನಾಚಿಕೆ ಪಡಬೇಕಾದವನು ದುಡಿಸಿಕೊಂಡವನು. ಇವತ್ತು ಅದೇ ಪದ ಬಡವನು ಬೆಲೆ ಕೊಡದೆ ಪಡೆದದ್ದರ ಹೆಸರಾಗಿದೆ. ‘ಬಿಟ್ಟಿ ಭಾಗ್ಯ’, ‘ಬಿಟ್ಟಿ ಊಟ’, ‘ಬಿಟ್ಟಿ ಬಸ್ಸು’. ಪದ ಅದೇ, ನಾಚಿಕೆ ಮಾತ್ರ ಮನೆ ಬದಲಾಯಿಸಿದೆ. ಈ ಬದಲಾವಣೆ ನಮಗೆ ಯಾರಿಗೂ ಗೊತ್ತಾಗದಂತೆ ಹೇಗೆ ನಡೆಯಿತು ಎಂದು ಯೋಚಿಸುತ್ತಾ ಕೂತಾಗ ನನಗೆ ಚಿಗವ್ವ ನೆನಪಾದಳು. ನಿಜ ಹೇಳಬೇಕೆಂದರೆ ಕ್ಲಾಸಿನಲ್ಲೇ ನೆನಪಾಗಿದ್ದಳು, ಮುಂದೆ ಹಾಕಿದ್ದೆ.

ಚಿಗವ್ವ ನಮ್ಮವ್ವನ ತಂಗಿ. ಗಂಡ ತೀರಿಕೊಂಡ ಮೇಲೆ 1994ರಲ್ಲಿ ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ಹೊನ್ನಾಳಿ ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಬಂದವಳು. ನಮ್ಮದು ಮೂರೆಕರೆ ಅಡಿಕೆ ತೋಟ. ಈ ಕಡೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ತೋಟದ ಫಸಲನ್ನು ಖೇಣಿಗೆ ಕೊಡುವವರು ಬಹಳ ಜನ. ನಮ್ಮ ಅಪ್ಪಾಜಿ ಕೊಡುತ್ತಿರಲಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಮನೆಯಂಗಳವೇ ಖೇಣಿ ಮನೆಯಾಗುತ್ತಿತ್ತು. ಗೊನೆ ಇಳಿಸುವುದು, ಹಸಿ ಅಡಿಕೆ ಸುಲಿಯುವುದು, ಚೊಗರಿನಲ್ಲಿ ಬೇಯಿಸುವುದು, ಹರವಿ ಒಣಗಿಸುವುದು. ಸುಲಿಯುವುದಕ್ಕೆ ಊರಿನ ಹತ್ತು ಹನ್ನೆರಡು ಹೆಂಗಸರು ಬರುತ್ತಿದ್ದರು. ಡಬ್ಬಕ್ಕೆ ಇಷ್ಟು ಎಂದು ಕೂಲಿ. ಹೈಸ್ಕೂಲಿಗೆ ಬಂದಾಗಿನಿಂದ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿ. ಯಾರು ಎಷ್ಟು ಡಬ್ಬ, ಅಡ್ವಾನ್ಸು ಎಷ್ಟು, ಬಾಕಿ ಎಷ್ಟು. ಒಂದು ಡಬ್ಬ ತಪ್ಪಿದರೂ ಅವರು ಬಿಡುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ.

ಅವರೆಲ್ಲ ಬೆಳಕು ಹರಿದ ಮೇಲೆ ಬರುವವರು. ಚಿಗವ್ವ ನಾಲ್ಕು ಗಂಟೆಗೇ ಕತ್ತಿಯ ಮುಂದೆ ಕೂತಿರುತ್ತಿದ್ದಳು. ಅವರು ಬರುವಷ್ಟರಲ್ಲಿ ಅವಳದು ಎರಡು ಡಬ್ಬ ಮುಗಿದಿರುತ್ತಿತ್ತು. ಆಮೇಲೆ ರೊಟ್ಟಿ ತಟ್ಟಿ, ಎಮ್ಮೆ ಹಿಂಡಿ, ಮತ್ತೆ ಬಂದು ಕೂರುವುದು. ಬೆರಳಿನ ಕರೆ ಬೇಸಗೆ ಬಂದರೂ ಹೋಗುತ್ತಿರಲಿಲ್ಲ. ಸಂಜೆ ಎಲ್ಲರ ಡಬ್ಬ ಎಣಿಸುವಾಗ ಅವಳದನ್ನು ಎಣಿಸುತ್ತಿರಲಿಲ್ಲ. ‘ಅದು ನಮ್ಮನೇದು, ರಾಶಿಗೆ ಹಾಕು’ ಎಂದು ಅವಳೇ ಅನ್ನುತ್ತಿದ್ದಳು. ನಾವು ಅವಳನ್ನು ಕೂಲಿಯವಳು ಎಂದು ಒಂದು ದಿನವೂ ಅಂದುಕೊಂಡವರಲ್ಲ. ಅವಳ ಮಗಳನ್ನು ಓದಿಸಿದ್ದು ಅಪ್ಪಾಜಿ, ಹರಿಹರಕ್ಕೆ ಮದುವೆ ಮಾಡಿಕೊಟ್ಟದ್ದು ಅಪ್ಪಾಜಿ. ಹಬ್ಬಕ್ಕೆ ಅವ್ವನಿಗೆ ಸೀರೆ ತಂದರೆ ಅವಳಿಗೂ ಒಂದು. ಮನೆಯವಳು, ಪ್ರಿಯಳು. ಆ ಹಳೆಯ ಜರ್ಮಾನಿಕ್ ಮನೆಯ ಲೆಕ್ಕದಲ್ಲಿ ಅವಳು ಫ್ರೀ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿಲ್ಲ. ಇದೆ, ಆದರೆ ಸೊನ್ನೆಯದು. ಆ ಜುಲೈನಲ್ಲಿ ಚಿಗವ್ವ ಹರಿಹರಕ್ಕೆ ಮಗಳ ಮನೆಗೆ ಹೋದಳು. ಹದಿನೈದು ದಿನ ಬಿಟ್ಟು ಮತ್ತೆ ಹೋದಳು. ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋಗಿ ಬಂದಳು. ಮೂವತ್ತು ವರ್ಷದಲ್ಲಿ ಅವಳು ಇಷ್ಟು ತಿರುಗಿದ್ದನ್ನು ನಾವು ನೋಡಿರಲಿಲ್ಲ. ಮೊದಲು ಯಾಕೆ ಹೋಗುತ್ತಿರಲಿಲ್ಲ? ಯಾರೂ ಬೇಡ ಅಂದಿರಲಿಲ್ಲ. ಬಸ್ಸಿಗೆ ಕೇಳಿದ್ದರೆ ಅಪ್ಪಾಜಿ ನೂರಕ್ಕೆ ಇನ್ನೂರು ಕೊಡುತ್ತಿದ್ದರು. ಈ ‘ಕೇಳಿದ್ದರೆ’ ಎಂಬ ಪದದ ಮೇಲೆ ನಾವು ಮೂವತ್ತು ವರ್ಷ ನೆಮ್ಮದಿಯಾಗಿ ಕೂತಿದ್ದೆವು. ಅವಳು ಕೇಳುತ್ತಿರಲಿಲ್ಲ, ಅಷ್ಟೆ. ಬಸ್ಸು ಫ್ರೀ ಆದದ್ದರಿಂದ ಅವಳಿಗೆ ಉಳಿದದ್ದು ಹಣವಲ್ಲ, ಅವಳ ಕೈಯಲ್ಲಿ ಹಣವೇ ಇರಲಿಲ್ಲ. ಉಳಿದದ್ದು ಕೇಳುವ ಕೆಲಸ. ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಲ್ಲೇ ಇತ್ತು. ಪುಕ್ಕಟೆ ಎಂಬ ಅರ್ಥವೂ ಸ್ವಾತಂತ್ರ್ಯ ಎಂಬ ಅರ್ಥವೂ ಆ ಸೊನ್ನೆ ಟಿಕೆಟ್ಟಿನಲ್ಲಿ ಒಂದಾಗಿದ್ದವು.

ತಂತ್ರಾಂಶದ ಜಗತ್ತಿನಲ್ಲಿ ಇದೇ ಎರಡು ಅರ್ಥಗಳನ್ನು ಬಿಡಿಸಲು ಜನ ನಲವತ್ತು ವರ್ಷದಿಂದ ಹೆಣಗುತ್ತಿದ್ದಾರೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ‘ಗ್ನು’ ಯೋಜನೆ ಘೋಷಿಸಿದಾಗಿನಿಂದ ಅವರು ಹೇಳುತ್ತಾ ಬಂದಿರುವುದು ಒಂದೇ: ಇಲ್ಲಿ ಫ್ರೀ ಎಂದರೆ ಬೆಲೆಯ ಮಾತಲ್ಲ, ಬಳಸುವವರ ಸ್ವಾತಂತ್ರ್ಯದ ಮಾತು. ಅವರಿಗೆ ಬೇರ್ಪಡಿಸುವುದು ಅಗತ್ಯವಿತ್ತು, ಸರಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಡೇಟಾ ಫ್ರೀ ಬಂದಾಗ ನಾವೆಲ್ಲ ಸಾಲು ನಿಂತು ಸಿಮ್ ತಂದೆವು. ಆ ಬಳಿಕ ರಾತ್ರಿ ಹನ್ನೆರಡರವರೆಗೂ ಮೊಬೈಲು ಬಿಡಲಾಗದೆ ಕೂತಿರುವ ನಾವು ಎಷ್ಟು ಫ್ರೀ ಎಂದು ಕೇಳಬಹುದು. ಆದರೆ ಕೈಯಲ್ಲಿ ನೂರು ರೂಪಾಯಿ ಇಲ್ಲದ ಹೆಂಗಸಿನ ವಿಷಯದಲ್ಲಿ ಆ ಎರಡು ಅರ್ಥಗಳನ್ನು ಬಿಡಿಸಿ ನೋಡುವುದು ನನ್ನಿಂದಾಗದು.

ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ತೋಟ ನೋಡಿಕೊಳ್ಳುವುದು ನನ್ನ ತಮ್ಮ. ಆ ವಾರ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಇತ್ತು. ಊಟ ಮುಗಿಸಿ ಅವನು ಮೋಟಾರು ಹಾಕಲು ಹೋಗಬೇಕು. ಸಿಡುಕಿನಲ್ಲಿದ್ದ. ‘ಕೂಲಿಗೆ ಒಬ್ರೂ ಬರ್ತಿಲ್ಲ. ಎಲ್ಲಾ ಬಿಟ್ಟಿ ಬಸ್ಸು ಹತ್ತಿ ಧರ್ಮಸ್ಥಳ, ಉಕ್ಕಡಗಾತ್ರಿ ಅಂತ ಹೊಂಟುಬಿಡ್ತಾರೆ’ ಅಂದ. ಚಿಗವ್ವನನ್ನು ಉದ್ದೇಶಿಸಿ ಅಂದದ್ದಲ್ಲ. ಅವಳು ಅಲ್ಲೇ ಸಾರು ಬಡಿಸುತ್ತಿದ್ದಳು. ಸೌಟು ಪಾತ್ರೆಗೆ ಇಟ್ಟು, ‘ಬಿಟ್ಟಿ ಅಂದ್ರೆ ಏನು ಅಂತ ನಂಗೆ ಗೊತ್ತೈತಿ ಕಣಪ್ಪಾ’ ಅಂದು ಒಳಗೆ ಹೋದಳು. ಅವಳಿಗೆ ವಿಷ್ಟಿಯೂ ಗೊತ್ತಿಲ್ಲ, ಶಾಸನವೂ ಗೊತ್ತಿಲ್ಲ. ಪದದ ಹಳೆಯ ಅರ್ಥ ಮಾತ್ರ ಗೊತ್ತಿತ್ತು.

ತಮ್ಮ ಹೋದ. ಅವನು ಹಾಕಲು ಹೋದ ಮೋಟಾರಿನ ಕರೆಂಟು ಕೂಡ ಫ್ರೀ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಬಿಲ್ಲಿಲ್ಲ. ಅದನ್ನು ಯಾರೂ ಬಿಟ್ಟಿ ಕರೆಂಟು ಎಂದು ಊಟದ ಹೊತ್ತಿನಲ್ಲಿ ಮಾತಾಡುವುದಿಲ್ಲ. ರೈತನ ಹಕ್ಕು. ಹಕ್ಕೇ ಇರಬಹುದು, ನಾನು ಅಲ್ಲಗಳೆಯುತ್ತಿಲ್ಲ. ಆ ಕರೆಂಟಿಲ್ಲದಿದ್ದರೆ ನನ್ನ ಎಂ.ಎ. ಓದೂ ಇರುತ್ತಿರಲಿಲ್ಲ. ಆದರೆ ತೋಟ ಇದ್ದವನಿಗೆ ಬಂದದ್ದು ‘ಸಬ್ಸಿಡಿ’, ತೋಟ ಇಲ್ಲದವಳಿಗೆ ಬಂದದ್ದು ‘ಬಿಟ್ಟಿ’ ಎಂಬ ಪದಗಳ ಹಂಚಿಕೆಯನ್ನು ಯಾರು ಮಾಡಿದರು? ತುಮ್ಕೋಸಿನ ರೇಟು ದಿನಾ ಮೊಬೈಲಿನಲ್ಲಿ ನೋಡುವ ನಮಗೆ ಪದದ ರೇಟು ನೋಡುವ ಅಭ್ಯಾಸ ಇಲ್ಲ.

ನಮ್ಮ ತಾಲೂಕಿನ ಅತಿ ದೊಡ್ಡ ಫ್ರೀ ಅಂದರೆ ಸೂಳೆಕೆರೆ. ಹನ್ನೆರಡನೇ ಶತಮಾನದ್ದು ಎನ್ನುವ ಆ ಕೆರೆಯ ನೀರು ಹೊಲಗದ್ದೆಗೂ ಹೋಗುತ್ತದೆ, ಚಿತ್ರದುರ್ಗದವರೆಗೆ ಕುಡಿಯಲೂ ಹೋಗುತ್ತದೆ. ಕಟ್ಟಿಸಿದವಳು ಶಾಂತವ್ವ ಎಂಬ ಅರಸುಮಗಳು ಅನ್ನುತ್ತಾರೆ. ಕತೆಗಳು ಹಲವು. ನಾನು ಚಿಕ್ಕಂದಿನಲ್ಲಿ ಕೇಳಿದ್ದು ಇದು: ಕೆರೆ ಮುಳುಗಿಸಬೇಕಾಗಿದ್ದ ಜಾಗದಲ್ಲಿ ವೇಶ್ಯೆಯರ ಕೇರಿಯಿತ್ತು. ಜಾಗ ಬಿಟ್ಟುಕೊಡಿ ಎಂದು ಶಾಂತವ್ವ ಕೇಳಿದಳು. ಅವರು ಹಣ ಕೇಳಲಿಲ್ಲ, ಕೆರೆಗೆ ತಮ್ಮ ಹೆಸರಿರಬೇಕು ಎಂದರು. ಹಾಗೆ ಸೂಳೆಕೆರೆ. ಈಗ ಕಾಗದಪತ್ರದಲ್ಲಿ, ಬೋರ್ಡಿನಲ್ಲಿ ಶಾಂತಿಸಾಗರ. ನಮಗೆ ಸಂಕೋಚ. ಮಕ್ಕಳಿಗೆ ಆ ಹೆಸರು ಹೇಳುವುದು ಹೇಗೆ ಎಂದು ಹಿರಿಯರು ಕೇಳುವುದು ನನಗೂ ಅರ್ಥವಾಗುತ್ತದೆ. ಆದರೆ ಕತೆಯನ್ನು ಕತೆಯಾಗಿಯೇ ನಂಬುವುದಾದರೂ ಒಂದು ಮಾತು ಉಳಿಯುತ್ತದೆ. ಆ ನೀರು ನಮಗೆ ಫ್ರೀ ಸಿಕ್ಕಿರಲಿಲ್ಲ. ಅದಕ್ಕೆ ಒಂದು ಬೆಲೆ ಗೊತ್ತಾಗಿತ್ತು, ಒಂದು ಹೆಸರು. ನೀರು ಇಟ್ಟುಕೊಂಡು ಹೆಸರನ್ನು ವಾಪಸು ತೆಗೆದುಕೊಂಡವರು ನಾವು.

ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮಾಸ್ 1925ರಲ್ಲಿ ಕೊಡುಗೆಯ ಬಗ್ಗೆ ಒಂದು ದೀರ್ಘ ಪ್ರಬಂಧ ಪ್ರಕಟಿಸಿದ. ಜಗತ್ತಿನ ಎಲ್ಲೂ ಕೊಡುಗೆ ಎಂಬುದು ಸುಮ್ಮನೆ ಇರುವುದಿಲ್ಲ. ಕೊಡುವ, ಪಡೆಯುವ, ಹಿಂದಿರುಗಿಸುವ ಕಟ್ಟು ಅದರೊಳಗಿದೆ ಎಂಬುದು ಅವನ ವಾದ. ಓದಿದಾಗ ಬೆರಗಾಗಿದ್ದೆ. ಆಮೇಲೆ ಯೋಚಿಸಿದರೆ ಇದು ನಮ್ಮ ಮುಯ್ಯಿ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎನ್ನುವ ಮುಯ್ಯಾಳು. ಮದುವೆ ಮನೆಯ ಬಾಗಿಲಲ್ಲಿ ಪುಸ್ತಕ ಹಿಡಿದು ಕೂತು ಮುಯ್ಯಿ ಬರೆದುಕೊಳ್ಳುವವರನ್ನು ನೀವೂ ನೋಡಿದ್ದೀರಿ. ಪ್ರೀತಿಯಿಂದ ಕೊಟ್ಟದ್ದನ್ನೇ ಬರೆಯುತ್ತಾರೆ. ಬರೆದ ಮಾತ್ರಕ್ಕೆ ಪ್ರೀತಿ ಕಡಿಮೆಯಾಯಿತು ಎಂದು ಯಾರೂ ಅನ್ನುವುದಿಲ್ಲ. ಇನ್ನೊಂದು ಕಡೆ ದಾಸೋಹ ಇದೆ. ತರಳಬಾಳು ಹುಣ್ಣಿಮೆಯ ಪೆಂಡಾಲಿನಲ್ಲಿ ಸಾವಿರಾರು ಜನ ಉಣ್ಣುತ್ತಾರೆ, ಅದನ್ನು ಯಾರೂ ಫ್ರೀ ಊಟ ಅನ್ನುವುದಿಲ್ಲ, ಬಿಟ್ಟಿ ಊಟ ಅಂತೂ ಅನ್ನುವುದೇ ಇಲ್ಲ. ದಾಸೋಹದಲ್ಲಿ ದಾಸನಾಗುವವನು ಬಡಿಸುವವನು, ಉಣ್ಣುವವನಲ್ಲ. ಶರಣರು ದಾನ ಎಂಬ ಪದವನ್ನು ಪಕ್ಕಕ್ಕಿಟ್ಟು ಈ ಪದ ಆರಿಸಿದ್ದರ ಹಿಂದೆ ಬಹಳ ಯೋಚನೆ ಇರಬೇಕು.

ಬಿಟ್ಟಿಯ ಆ ರಾತ್ರಿಯಾದ ಒಂದು ವಾರಕ್ಕೆ ಚಿಗವ್ವ ನನ್ನ ಹತ್ತಿರ ಬಂದು ಕೂತಳು. ‘ಆ ಡಬ್ಬದ ಪುಸ್ತಕ ಬರೀತಿದ್ಯಲ್ಲ. ಅದ್ರಾಗೆ ನಂದು ಎಲ್ಲಾದ್ರೂ ಬರ್ದಿದ್ಯಾ?’

‘ಬರ್ದಿದ್ದೆ’ ಅಂದೆ.

ಯಾಕೆ ಹಾಗೆ ಹೇಳಿದೆನೋ. ಅವಳು ‘ಹೌದಾ’ ಎಂದು ಎದ್ದು ಹೋದಳು. ಅವಳು ನಂಬಿದಳೋ ಇಲ್ಲವೋ ಇವತ್ತಿಗೂ ತಿಳಿಯದು. ಆ ರಾತ್ರಿ ಅಟ್ಟ ಹತ್ತಿ ಹಳೆಯ ಪುಸ್ತಕಗಳನ್ನು ಇಳಿಸಿದೆ. ಕೆಲವನ್ನು ಗೆದ್ದಲು ತಿಂದಿತ್ತು. ಒಂಬತ್ತು ವರ್ಷದ್ದು ಸಿಕ್ಕವು. ಹಾಳೆ ಹಾಳೆ ತಿರುವಿದೆ. ಊರಿನ ಎಲ್ಲ ಹೆಂಗಸರ ಹೆಸರುಗಳಿದ್ದವು. ಈಗ ಇಲ್ಲದವರದೂ ಇದ್ದವು. ಚಿಗವ್ವ ಒಂದೇ ಕಡೆ ಸಿಕ್ಕಳು. ನನ್ನದೇ ಕೈಬರಹ, ಬಲಗಡೆಯ ಖರ್ಚಿನ ಕಾಲಮ್ಮು: ‘ಚಿಗವ್ವನಿಗೆ ಸೀರೆ, 350’.

ಸರ್ಕಾರದ ಸೊನ್ನೆ ಟಿಕೆಟ್ಟಿಗೂ ಒಂದು ಲೆಕ್ಕ ಇದೆ. ಕಂಡಕ್ಟರು ಹರಿದುಕೊಟ್ಟ ಪ್ರತಿ ಸೊನ್ನೆಯ ಹಿಂದಿನ ಮೊತ್ತವನ್ನು ಸಾರಿಗೆ ನಿಗಮ ಬರೆದಿಟ್ಟು ಸರ್ಕಾರದಿಂದ ಕೇಳುತ್ತದೆ. ನಮ್ಮ ಮನೆಯಲ್ಲಿ ಸೊನ್ನೆಯನ್ನು ಬರೆಯುವ ಜಾಗವೂ ಇರಲಿಲ್ಲ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೇರೆ ದಾರಿಯಿಲ್ಲದ ಕಷ್ಟಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದಿತು. ಚಾವಟಿ ಬೇಕಿಲ್ಲ, ಬೇರೆಡೆ ಹೋಗಲು ಜಾಗ ಇಲ್ಲದಿದ್ದರೆ ಸಾಕು. ಇದನ್ನು ನಾನು ನಮ್ಮ ಮನೆಗೆ ಅನ್ವಯಿಸಬಹುದೇ? ನಾವು ಅವಳಿಗೆ ಅನ್ನ ಹಾಕಿದೆವು, ಮಗಳ ಮದುವೆ ಮಾಡಿದೆವು. ಎರಡೂ ನಿಜ. ನಾನು ಇದನ್ನು ಬರೆಯುತ್ತಿರುವುದೇ ಆ ಎರಡು ನಿಜಗಳು ಒಂದಕ್ಕೊಂದು ಕಳೆದು ಸೊನ್ನೆ ಆಗುತ್ತಿಲ್ಲವಲ್ಲ ಎಂದು.

ಕಾಗದ ಪೆನ್ನು ಹಿಡಿದು ಅಂದಾಜು ಕೂಲಿ ಲೆಕ್ಕ ಹಾಕಿದೆ. ಬಂದ ಮೊತ್ತವನ್ನು ಇಲ್ಲಿ ಹೇಳುವುದಿಲ್ಲ. ಅದರ ಒಂದು ಭಾಗವನ್ನಾದರೂ ಅವಳ ಹೆಸರಿಗೆ ಬ್ಯಾಂಕಿನಲ್ಲಿ ಇಡೋಣ ಎಂದು ಅಪ್ಪಾಜಿಗೆ ಹೇಳಿದಾಗ ಅವರ ಮುಖ ಕೆಂಪಾಯಿತು. ‘ಅಕ್ಕನ ಮನೇಲಿ ತಂಗಿ ಕೂಲಿಗಿದ್ಲಾ? ಹಂಗಂತ ಊರಿಗೆ ಸಾರ್‍ತೀಯಾ?’ ಅವ್ವ ಅತ್ತಳು. ನನಗೆ ಹೆಚ್ಚು ತಾಗಿದ್ದು ಚಿಗವ್ವನ ಮಾತು. ‘ದುಡ್ಡು ಎಣಿಸಿ ಕೊಟ್ಟು ನನ್ನ ಹೊರಗಿನೋಳು ಮಾಡ್ತೀಯೇನಪ್ಪಾ?’ ಕೊಡದಿದ್ದರೆ ಬಿಟ್ಟಿ, ಕೊಟ್ಟರೆ ಹೊರಗಿನವಳು. ನನ್ನ ನಿಘಂಟುಗಳಲ್ಲಿ ಇದಕ್ಕೆ ಪರಿಹಾರ ಇರಲಿಲ್ಲ. ನಾನು ಸುಮ್ಮನಾದೆ. ಸುಮ್ಮನಾಗಲು ಒಂದು ನೆಪ ಸಿಕ್ಕಿತಲ್ಲ ಎಂಬ ಸಮಾಧಾನವೂ ಒಳಗೆ ಇತ್ತು, ಅದನ್ನೂ ಹೇಳಿಬಿಡಬೇಕು.

ಎರಡು ತಿಂಗಳಾದ ಮೇಲೆ ಅವಳೇ ಬಂದು ಒಂದು ಕೇಳಿದಳು. ಗೃಹಲಕ್ಷ್ಮಿಯ ಎರಡು ಸಾವಿರ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವವಳ ಖಾತೆಗೆ ಬರುತ್ತದೆ. ನಮ್ಮ ಕಾರ್ಡಿನಲ್ಲಿ ಯಜಮಾನಿ ಅವ್ವ. ಚಿಗವ್ವ ಅದೇ ಕಾರ್ಡಿನಲ್ಲಿ ಏಳನೆಯ ಹೆಸರು. ‘ನನ್ ಕಾರ್ಡು ಬೇರೆ ಮಾಡ್ಸಿಕೊಡು’ ಅಂದಳು. ‘ಕಾರ್ಡಿನಾಗೆ ನಾನೊಬ್ಳೇ ಇರ್‍ಬೇಕು.’ ಇದು ಅವ್ವನಿಗೆ ಹಣದ ಮಾತಿಗಿಂತ ದೊಡ್ಡ ಪೆಟ್ಟು. ಮೂವತ್ತು ವರ್ಷ ಒಂದೇ ಒಲೆಯಲ್ಲಿ ಉಂಡು ಈಗ ಕಾರ್ಡು ಬೇರೆಯೇ? ಚಿಗವ್ವ ಒಲೆ ಬೇರೆ ಮಾಡುವ ಮಾತೇ ಆಡಲಿಲ್ಲ. ಈಗಲೂ ನಾಲ್ಕಕ್ಕೆ ಏಳುತ್ತಾಳೆ. ಈಗ ಸುಲಿಯುವುದಕ್ಕೆ ಮಷೀನು ಬಂದಿದೆ, ಅವಳು ಒಣಗಿಸಲು ಹರವಿದ ಅಡಿಕೆಯಲ್ಲಿ ಕೈಯಾಡಿಸುತ್ತಾಳೆ. ಅವಳು ಕೇಳಿದ್ದು ಒಂದು ಕಾಗದದಲ್ಲಿ ಮೊದಲ ಸಾಲು.

ಕಾರ್ಡು ಇನ್ನೂ ಆಗಿಲ್ಲ. ಎರಡು ಸಲ ಹೋದಾಗಲೂ ಸರ್ವರ್ ಇರಲಿಲ್ಲ. ಮೂರನೇ ಸಲ ಹೋದ ಶನಿವಾರ ಹೊರಟೆವು. ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದೆ, ಬೇಡ ಅಂದಳು. ಊರ ಮುಂದಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಒಂದು ಖಾಸಗಿ ಬಸ್ಸು ಬಂತು, ಕ್ಲೀನರು ‘ಚನ್ನಗಿರಿ, ಚನ್ನಗಿರಿ’ ಎಂದು ಕೂಗಿದ. ಸೀಟು ಖಾಲಿ ಇದ್ದವು. ನಾನು ಎದ್ದೆ. ಅವಳು ನನ್ನ ಅಂಗಿ ಹಿಡಿದು ಕೂರಿಸಿದಳು.

‘ಅದು ದುಡ್ಡಿಂದು, ಬಿಡು. ನಂದು ಬರ್ತೈತಿ.’

ನಲವತ್ತು ನಿಮಿಷ ಕಾದೆವು. ಅಷ್ಟರಲ್ಲಿ ಇನ್ನೂ ಒಂದು ದುಡ್ಡಿನ ಬಸ್ಸು ಹೋಯಿತು. ಸರ್ಕಾರಿ ಬಸ್ಸು ಬಂದಾಗ ನಿಲ್ಲಲೂ ಜಾಗ ಇರಲಿಲ್ಲ. ಕಂಡಕ್ಟರು ನನಗೆ ದುಡ್ಡಿನ ಟಿಕೆಟ್ಟು ಕೊಟ್ಟ, ಅವಳ ಕಾರ್ಡು ನೋಡ, ಅವಳದನ್ನು ಕೊಟ್ಟ. ಅವಳು ಅದನ್ನು ಮಡಚಿ ಆಧಾರ್ ಇದ್ದ ಕವರಿನೊಳಗೆ ಇಟ್ಟಳು. ಒಳಗೆ ಅಂಥವು ಇನ್ನೂ ಬಹಳ ಇದ್ದವು.